ತಲೆಗೊಂದು ಟಿಕೆಟ್

ಗೋವಾಕ್ಕೆ ಹೊರಡಬೇಕು ಅಂದಾಗ ನಮ್ಮ ಹುಬ್ಬಳ್ಳಿ, ಬೆಳಗಾವಿ, ದಾವಣಗೆರೆ ಕಡೆಯ ಹುಡುಗರು ಮೊದಲು ಜನ ಕೂಡಿಸುತ್ತಾರೆ. ನಾಲ್ಕು ಮಂದಿ ಆದರೆ ಒಂದು ಕಾರು, ಒಂದು ರೂಮು, ಖರ್ಚು ನಾಲ್ಕು ಪಾಲು. ಐದನೆಯವನು ಸಿಕ್ಕರೆ ಇನ್ನೂ ಅಗ್ಗ. ಒಬ್ಬರೇ ಹೋಗುತ್ತೇನೆ ಎಂದವರಿಗೆ ಸಿಗುವ ಉತ್ತರ ಒಂದೇ: ಒಬ್ಬರಿಗೆ ಗಿಟ್ಟುವುದಿಲ್ಲ. ಹೆಣ್ಣುಮಗಳಾದರಂತೂ ಆ ಉತ್ತರದ ಬೆನ್ನಿಗೆ ಇನ್ನೂ ಹತ್ತು ಆಕ್ಷೇಪ ಬರುತ್ತವೆ. ಕೈಯಲ್ಲಿ ದುಡ್ಡು ಕಡಿಮೆ, ಜೊತೆಗೆ ಯಾರೂ ಇಲ್ಲ, ಬೆನ್ನಿಗೊಂದು ಚೀಲವಿದೆ, ಅಷ್ಟೇ ಎನ್ನುವವರ ಪಾಲಿಗೆ ಗೋವಾ ಇಲ್ಲವೇ ಇಲ್ಲ ಎಂಬ ತೀರ್ಮಾನಕ್ಕೆ ನಾವು ಬಂದುಬಿಟ್ಟಿದ್ದೇವೆ. ಈ ತೀರ್ಮಾನಕ್ಕೆ ನನ್ನ ತಕರಾರಿದೆ. ಗೋವಾದ ಕಡಲತೀರ ಒಂಟಿ ಪ್ರವಾಸಿಗೆ ದುಬಾರಿ, ಒಪ್ಪೋಣ. ಆದರೆ ಪಣಜಿ, ಮಡಗಾಂವ್, ಮಾಪುಸಾ, ವಾಸ್ಕೊ, ಪೋಂಡಾದಂಥ ಪಟ್ಟಣಗಳು ಅಂಥವರ ಜೇಬಿಗೆ ಚೆನ್ನಾಗಿ ಒಗ್ಗುತ್ತವೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ಪಟ್ಟಣದ ಬಸ್ಸು, ಪಟ್ಟಣದ ಊಟ, ಪಟ್ಟಣದ ಲಾಡ್ಜನ್ನು ನೆಚ್ಚಿಕೊಂಡು ತಿರುಗುವ ಈ ಬಡಪ್ರವಾಸಿ ಗೋವಾಕ್ಕೆ ಹೊರೆಯಲ್ಲ, ಆ ನಾಡು ಬಯಸಿ ಕರೆಯಬೇಕಾದ ಅತಿಥಿ.

ಮೊದಲು ಲೆಕ್ಕದಿಂದಲೇ ಶುರುಮಾಡೋಣ. ಕಲಂಗುಟ್, ಬಾಗಾ, ಅಂಜುಣಾ ಕಡೆ ಏನನ್ನು ಮಾರುತ್ತಾರೆ ನೋಡಿ. ರೂಮು ಮಾರುತ್ತಾರೆ, ಅದು ಇಬ್ಬರಿಗೆ. ಟ್ಯಾಕ್ಸಿ ಮಾರುತ್ತಾರೆ, ಅದು ನಾಲ್ವರಿಗೆ. ದಂಡೆಯ ಮೇಲಿನ ಶ್ಯಾಕ್ ಎಂಬ ಗುಡಿಸಲು ಹೋಟೆಲಿನಲ್ಲಿ ಮೇಜು ಕೊಡುತ್ತಾರೆ, ತಟ್ಟೆಗಳು ಹಂಚಿಕೊಂಡು ತಿನ್ನುವ ಅಳತೆಯವು. ಅಲ್ಲಿನ ಪ್ರತಿಯೊಂದು ಬೆಲೆಯೂ ಗುಂಪನ್ನು ಕಣ್ಣಮುಂದಿಟ್ಟುಕೊಂಡೇ ಹಾಕಿದ್ದು. ಒಬ್ಬರೇ ಬಂದವರು ಇಲ್ಲದ ಇನ್ನೊಬ್ಬರ ಪಾಲನ್ನೂ ತಾವೇ ಕೊಡಬೇಕಾಗುತ್ತದೆ. ಪಟ್ಟಣದ ಬೆಲೆಗಳ ಸ್ವಭಾವವೇ ಬೇರೆ. ಬಸ್ಸಿನಲ್ಲಿ ತಲೆಗೊಂದು ಟಿಕೆಟ್. ಖಾನಾವಳಿಯಲ್ಲಿ ತಲೆಗೊಂದು ತಾಟು: ಅನ್ನ, ಮೀನಿನ ಸಾರು, ಒಂದು ಹುರಿದ ಮೀನು, ಪಲ್ಯ, ಸೋಲ್ ಕಡಿ. ಬೆಳಿಗ್ಗೆ ಭಾಜಿ-ಪಾವ್ ಒಂದು ಪ್ಲೇಟು, ಒಬ್ಬರ ಹೊಟ್ಟೆಗೆ ಸರಿಯಾಗಿ. ಬಸ್‌ಸ್ಟ್ಯಾಂಡ್ ಸುತ್ತಲಿನ ಹಳೆಯ ಲಾಡ್ಜುಗಳಲ್ಲಿ ಸಿಂಗಲ್ ರೂಮು ಎಂಬುದು ಇನ್ನೂ ಉಳಿದಿದೆ, ಏಕೆಂದರೆ ಆ ಲಾಡ್ಜುಗಳು ಹುಟ್ಟಿದ್ದು ಪ್ರವಾಸಿಗಳಿಗಾಗಿ ಅಲ್ಲ. ಕೋರ್ಟು ಕಚೇರಿಗೆ ಬಂದವರು, ಔಷಧ ಕಂಪನಿಯ ಪ್ರತಿನಿಧಿಗಳು, ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ರೋಗಿಯನ್ನು ಕರೆತಂದ ಕಾರವಾರ, ಅಂಕೋಲಾ ಕಡೆಯ ಬಂಧುಗಳು, ಇಂಥವರು ಅಲ್ಲಿ ತಂಗುತ್ತಾರೆ. ಕೆಲಸದ ಮೇಲೆ ಊರಿಗೆ ಬರುವವರು ಸಾಮಾನ್ಯವಾಗಿ ಒಬ್ಬರೇ ಬರುತ್ತಾರೆ, ಲೆಕ್ಕ ಹಾಕಿ ಖರ್ಚು ಮಾಡುತ್ತಾರೆ. ಅವರಿಗಾಗಿ ಇರುವ ಏರ್ಪಾಡಿನೊಳಗೆ ಒಂಟಿ ಪ್ರವಾಸಿ ಸದ್ದಿಲ್ಲದೆ ಸೇರಿಕೊಳ್ಳಬಹುದು. ಮಡಗಾಂವ್ ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿ, ಪಣಜಿ ಪಕ್ಕದ ಮಿರಾಮಾರ್‌ನ ಸರ್ಕಾರಿ ಯುವ ವಸತಿಗೃಹ, ಈಚೆಗೆ ಪಣಜಿಯ ಹಳೆಯ ಮನೆಗಳಲ್ಲಿ ಶುರುವಾದ, ಹಾಸಿಗೆಗೆ ಇಷ್ಟು ಎಂದು ದರ ಹಾಕುವ ಹಾಸ್ಟೆಲುಗಳು, ಇವೆಲ್ಲ ಇದೇ ಜಾತಿಗೆ ಸೇರಿದವು.

ಇನ್ನು ಓಡಾಟ. ಗೋವಾ ಬಹಳ ಚಿಕ್ಕ ರಾಜ್ಯ, 3,702 ಚದರ ಕಿಲೋಮೀಟರ್. ನಮ್ಮ ಉತ್ತರ ಕನ್ನಡ ಜಿಲ್ಲೆಯೊಂದೇ ಅದರ ಎರಡೂವರೆ ಪಟ್ಟಿಗಿಂತ ದೊಡ್ಡದು. ಪಣಜಿಯಿಂದ ಮಾಪುಸಾ ಹದಿಮೂರು ಕಿಲೋಮೀಟರ್, ಹಳೇ ಗೋವಾ ಹತ್ತು, ವಾಸ್ಕೊ ಮತ್ತು ಪೋಂಡಾ ಮೂವತ್ತರ ಆಸುಪಾಸು, ಮಡಗಾಂವ್ ಇನ್ನೊಂದು ನಾಲ್ಕೈದು ಹೆಚ್ಚು. ಈ ಪಟ್ಟಣಗಳ ನಡುವೆ ಕದಂಬ ಸಾರಿಗೆ ನಿಗಮದ ತಡೆರಹಿತ ಷಟಲ್ ಬಸ್ಸುಗಳು ಬೆಳಗಿನಿಂದ ಓಡುತ್ತವೆ. ಟಿಕೆಟನ್ನು ಕೌಂಟರಿನಲ್ಲೇ ತೆಗೆದುಕೊಂಡು ಸಾಲಿನಲ್ಲಿ ನಿಂತು ಹತ್ತಬೇಕು. ಪಣಜಿಯಿಂದ ಮಡಗಾಂವ್‌ಗೆ ನೂರು ರೂಪಾಯಿಯೂ ಆಗುವುದಿಲ್ಲ. ಬಸ್ಸಿನ ಮೇಲೆ ನಮ್ಮ ಬನವಾಸಿಯ ನೆನಪು ತರುವ ಕದಂಬ ಸಿಂಹ ಇರುವುದನ್ನು ಕನ್ನಡಿಗರು ಗುರುತಿಸದೆ ಇರಲಾರರು. ಆದರೆ ನಾನು ಒತ್ತಿ ಹೇಳಬೇಕಾದ ಸಂಗತಿ ಆ ನಿಗಮ ಹುಟ್ಟಿದ ಕಾಲದ್ದು. 1970ರ ದಶಕದ ಕೊನೆಯಲ್ಲಿ ಗೋವಾದ ವಿದ್ಯಾರ್ಥಿಗಳು ಬಸ್ಸಿನಲ್ಲಿ ಅರ್ಧ ದರ ಬೇಕು ಎಂದು ಬೀದಿಗಿಳಿದರು. ಆಗ ಬಸ್ಸೆಲ್ಲ ಖಾಸಗಿಯವರ ಕೈಯಲ್ಲಿತ್ತು. ದೊಡ್ಡ ಚಳವಳಿಯೇ ನಡೆಯಿತು, ಅದರ ಬೆನ್ನಿಗೇ 1980ರಲ್ಲಿ ಕದಂಬ ನಿಗಮ ಬಂತು. ಅಂದರೆ ಇವತ್ತು ಪ್ರವಾಸಿಯೊಬ್ಬರಿಗೆ ಸಿಗುವ ಅಗ್ಗದ ಟಿಕೆಟ್ಟಿನ ಹಿಂದೆ ಯಾವ ಪ್ರವಾಸೋದ್ಯಮದ ಯೋಜನೆಯೂ ಇಲ್ಲ. ಆ ಊರಿನ ಮಕ್ಕಳು ತಮ್ಮ ಕಾಲೇಜಿಗೆ ಹೋಗಿಬರಲು ಜಗಳವಾಡಿದ ಚರಿತ್ರೆ ಇದೆ.

ಫೆರಿಯ ಕತೆಯೂ ಇಂಥದ್ದೇ. ಮಾಂಡೋವಿ ನಮ್ಮ ಖಾನಾಪುರ ತಾಲೂಕಿನ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿ ಪಣಜಿಯ ಮುಂದೆ ಸಮುದ್ರ ಸೇರುತ್ತದೆ. ಅದರ ಮೇಲೆ, ಜುವಾರಿಯ ಮೇಲೆ, ಒಳನಾಡಿನ ಕಾಲುವೆಗಳ ಮೇಲೆ ಗೋವಾದ ನದಿ ಸಂಚಾರ ಇಲಾಖೆ ಚಪ್ಪಟೆ ತಳದ ಫೆರಿಬೋಟುಗಳನ್ನು ನಡೆಸುತ್ತದೆ. ಈ ಬೋಟುಗಳಲ್ಲಿ ನಡೆದುಬಂದವರಿಗೆ ಟಿಕೆಟ್ಟೇ ಇಲ್ಲ. ಪಣಜಿಯಿಂದ ಎದುರಿನ ಬೆತಿಗೆ, ರಾಯಬಂದರಿನಿಂದ ಚೋಡಣ ದ್ವೀಪಕ್ಕೆ, ಹಳೇ ಗೋವಾದಿಂದ ದಿವಾಡಿ ದ್ವೀಪಕ್ಕೆ ಹೀಗೆ ದಾಟಬಹುದು. ಚೋಡಣದಲ್ಲಿ ಇಳಿದ ಕೂಡಲೇ ಸಲೀಂ ಅಲಿ ಹೆಸರಿನ ಪಕ್ಷಿಧಾಮ, ಕಾಂಡ್ಲಾ ಕಾಡು. 1986ರ ಜುಲೈ 5ರಂದು ಮಾಂಡೋವಿಯ ಸೇತುವೆ ಕುಸಿದುಬಿದ್ದಾಗ ಪಣಜಿಯನ್ನು ಉತ್ತರ ಗೋವಾಕ್ಕೆ ಜೋಡಿಸಿ ಹಿಡಿದದ್ದು ಇದೇ ಫೆರಿಗಳು. ಹೊಸ ಸೇತುವೆ ಬರುವವರೆಗೆ ವರ್ಷಗಟ್ಟಲೆ ಅವು ಜನರನ್ನು ಹೊತ್ತವು. ಅದೇ ನೀರಿನ ಮೇಲೆ ಈಗ ಕ್ಯಾಸಿನೊ ಹಡಗುಗಳು ದೀಪ ಹಚ್ಚಿಕೊಂಡು ನಿಂತಿವೆ, ಒಳಗೆ ಕಾಲಿಡಲಿಕ್ಕೇ ಸಾವಿರಗಟ್ಟಲೆ ರೂಪಾಯಿ. ಒಂದೇ ನದಿಯನ್ನು ನೋಡಲು ಎರಡು ದಾರಿಗಳಿವೆ. ಬಿಟ್ಟಿಯಾಗಿ ದಾಟಿಸುವ ದಾರಿ ಕಡಿಮೆ ನೋಟದ್ದು ಎಂದು ನನಗಂತೂ ಅನಿಸುವುದಿಲ್ಲ.

ರೈಲನ್ನು ನಮ್ಮವರು ಮರೆತೇಬಿಟ್ಟಿದ್ದಾರೆ. ಹುಬ್ಬಳ್ಳಿ, ಧಾರವಾಡದವರಿಗೆ ಲೋಂಡಾ, ಕ್ಯಾಸಲ್ ರಾಕ್ ದಾಟಿ ಘಟ್ಟ ಇಳಿಯುವ ಹಾದಿ ಪೋರ್ಚುಗೀಸರ ಕಾಲದ್ದು, 1880ರ ದಶಕದಲ್ಲಿ ಮೊರ್ಮುಗಾಂವ್ ಬಂದರಿಗಾಗಿ ಹಾಕಿದ್ದು. ಮಂಗಳೂರು, ಉಡುಪಿ, ಕುಮಟಾ, ಕಾರವಾರದವರಿಗೆ ಕೊಂಕಣ ರೈಲ್ವೆ, 1998ರ ಜನವರಿ 26ರಿಂದ ಪೂರ್ತಿಯಾಗಿ ತೆರೆದದ್ದು. ಎರಡೂ ಹಾದಿಗಳು ಮಡಗಾಂವ್‌ನಲ್ಲಿ ಕೂಡುತ್ತವೆ. ಘಟ್ಟದ ಹಾದಿಯ ಮೇಲೆ ಕುಳೇಂ, ಸಾವರ್ಡೆ, ಚಾಂದರ್ ಎಂಬ ನಿಲ್ದಾಣಗಳಿವೆ. ಚಾಂದರ್ ಅಂದರೆ ಹಳೆಯ ಚಂದ್ರಪುರ, ಗೋವಾ ಕದಂಬರು ಗೋಪಕಪಟ್ಟಣಕ್ಕೆ ಹೋಗುವ ಮೊದಲು ಆಳುತ್ತಿದ್ದ ರಾಜಧಾನಿ. ಕೋಟೆಯಿದ್ದ ಜಾಗದಲ್ಲಿ ಅಗೆದು ತೆಗೆದ ಇಟ್ಟಿಗೆಯ ಗುಡಿಯ ಅಡಿಪಾಯ, ತಲೆಯಿಲ್ಲದ ಒಂದು ನಂದಿ ಉಳಿದಿವೆ. ಅದರಿಂದ ಸ್ವಲ್ಪ ದೂರಕ್ಕೆ ಇಗರ್ಜಿ, ಸಾಲು ಕಿಟಕಿಗಳ ದೊಡ್ಡ ಬಂಗಲೆಗಳು. ಸಾದಾ ಪ್ಯಾಸೆಂಜರ್ ರೈಲಿನ ಟಿಕೆಟ್ಟಿಗೆ ಸಿಗುವ ಈ ಊರು ಪ್ಯಾಕೇಜು ಟೂರಿನವರ ಪಟ್ಟಿಯಲ್ಲಿ ಬರುವುದು ಅಪರೂಪ.

ಪಟ್ಟಣದಲ್ಲಿ ನೋಡಲಿಕ್ಕೇನಿದೆ ಎಂದು ನೀವು ಕೇಳಬಹುದು. ಗೋವಾ ಅಂದರೆ ಸಮುದ್ರ, ಪಟ್ಟಣ ನಮ್ಮೂರಲ್ಲೇ ಇಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. 2011ರ ಜನಗಣತಿಯ ಪ್ರಕಾರ ಗೋವಾದ ನೂರಕ್ಕೆ ಅರವತ್ತೆರಡು ಮಂದಿ ನಗರ ಪ್ರದೇಶದಲ್ಲೇ ಇದ್ದರು. ಬರೀ ತೆಂಗಿನ ತೋಟ, ಮರಳಿನ ದಂಡೆ ಎಂದು ನಾವು ಕಲ್ಪಿಸಿಕೊಂಡ ನಾಡು ನಿಜಕ್ಕೂ ಸಣ್ಣ ಸಣ್ಣ ಪಟ್ಟಣಗಳ ನಾಡು. ಅದರಲ್ಲೂ ಪಣಜಿಯಂಥ ಊರು ನಮ್ಮಲ್ಲಿ ಇನ್ನೊಂದಿಲ್ಲ. ಹಳೇ ಗೋವಾ ರೋಗರುಜಿನಕ್ಕೆ ಬಿಕೋ ಎನ್ನತೊಡಗಿದ ಮೇಲೆ, 1843ರಲ್ಲಿ ಪಣಜಿ ವಿಧಿವತ್ತಾಗಿ ರಾಜಧಾನಿಯಾಯಿತು. ನದಿದಂಡೆಯಲ್ಲಿ ಆದಿಲಶಾಹಿ ಅರಮನೆ ಇದೆ, ಅಂದರೆ ನಮ್ಮ ಬಿಜಾಪುರದವರು ಕಟ್ಟಿಸಿದ್ದು. ಆಮೇಲೆ ಅದು ಪೋರ್ಚುಗೀಸ್ ವೈಸರಾಯರ ನಿವಾಸವಾಯಿತು, ಗೋವಾ ಬಿಡುಗಡೆಯಾದ ಮೇಲೆ ಸಚಿವಾಲಯವಾಯಿತು. ಅದರ ಪಕ್ಕದಲ್ಲೇ ಅಬ್ಬೆ ಫಾರಿಯಾ ಎಂಬ ಗೋವಾದ ಪಾದ್ರಿಯ ಪ್ರತಿಮೆ ಇದೆ. ಸಂಮೋಹನ ವಿದ್ಯೆಯ ಇತಿಹಾಸದಲ್ಲಿ ಹೆಸರು ಮಾಡಿದ ಆತ ಹೆಂಗಸೊಬ್ಬಳ ಮುಂದೆ ಕೈಚಾಚಿ ನಿಂತಿದ್ದಾನೆ. ಆಜಾದ್ ಮೈದಾನದ ಬಳಿ ಮೆನೆಜಿಸ್ ಬ್ರಗಾಂಜಾ ಸಂಸ್ಥೆಯ ಕಟ್ಟಡದೊಳಗೆ ಹೋದರೆ ಗೋಡೆಯ ಮೇಲೆ ನೀಲಿ ಹೆಂಚಿನ ಚಿತ್ರಗಳ ಸಾಲಿದೆ, ಪೋರ್ಚುಗೀಸ್ ಕವಿ ಕಮೋಯಿಸನ ಮಹಾಕಾವ್ಯದ ದೃಶ್ಯಗಳು. ನೋಡಲು ಒಂದು ಪೈಸೆ ಬೇಡ. ಪಾಟೋದಲ್ಲಿ ಕೃಷ್ಣದಾಸ ಶಾಮಾ ಹೆಸರಿನ ಕೇಂದ್ರ ಗ್ರಂಥಾಲಯವಿದೆ, ಮೂಲ 1832ರದ್ದು, ದೇಶದ ಅತಿ ಹಳೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಒಂದು. ಮಳೆಗಾಲದ ಮಧ್ಯಾಹ್ನ ಕಳೆಯಲು ಅದಕ್ಕಿಂತ ಒಳ್ಳೆಯ ಸ್ಥಳವನ್ನು ಕಡಲತೀರ ಕೊಡಲಾರದು. ಕಾಂಪಾಲ್‌ನಲ್ಲಿ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ಕಲಾ ಅಕಾಡೆಮಿ ನದಿಗೆ ಮುಖಮಾಡಿ ಕೂತಿದೆ. 2004ರಿಂದ ಪಣಜಿಯಲ್ಲಿ ನಡೆಯುತ್ತಿರುವ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವ, ಕಾರ್ನಿವಲ್ ಮತ್ತು ಶಿಗ್ಮೋ ಮೆರವಣಿಗೆಗಳು, ಇವೆಲ್ಲ ಪಟ್ಟಣದ ಬೀದಿಗಳಲ್ಲೇ ಆಗುವಂಥವು.

ಪಣಜಿಯಿಂದ ಹಳೇ ಗೋವಾಕ್ಕೆ ಹೋಗುವ ಬಸ್ಸು ರಾಯಬಂದರಿನ ದಾರಿ ಹಿಡಿದರೆ ಮೂರು ಕಿಲೋಮೀಟರ್ ಉದ್ದದ ಒಂದು ಕಲ್ಲಿನ ಕಟ್ಟೆದಾರಿಯ ಮೇಲೆ ಓಡುತ್ತದೆ. ಲಿನ್ಹಾರಿಸ್ ಸೇತುವೆ ಎಂದು ಹೆಸರು, 1630ರ ದಶಕದಲ್ಲಿ ಕಟ್ಟಿದ್ದು, ಇವತ್ತಿಗೂ ವಾಹನಗಳನ್ನು ಹೊರುತ್ತಿದೆ. ಬಸ್ಸಿನ ಕಿಟಕಿಗೆ ಕೂತವರಿಗೆ ಒಂದು ಕಡೆ ನದಿ, ಇನ್ನೊಂದು ಕಡೆ ಉಪ್ಪಿನ ಗದ್ದೆ, ಜೌಗು. ಹಳೇ ಗೋವಾದಲ್ಲಿ ಬೋಂ ಜೀಸಸ್ ಬಸಿಲಿಕಾ, ಸೆ ಕೆಥೆಡ್ರಲ್, ಎರಡಕ್ಕೂ ಪ್ರವೇಶ ಶುಲ್ಕವಿಲ್ಲ. ಯುನೆಸ್ಕೊ 1986ರಲ್ಲೇ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಾಪುಸಾದ ಶುಕ್ರವಾರದ ಸಂತೆಯನ್ನು ಬಿಟ್ಟರೆ ಗೋವಾದ ಊಟದ ಬೇರು ತಿಳಿಯುವುದೇ ಇಲ್ಲ. ಒಣಮೀನು, ಕೆಂಪು ಮೆಣಸು, ಮೊಯ್ರಾದ ದಪ್ಪ ಬಾಳೆಹಣ್ಣು, ಕೋಕಂ ಸಿಪ್ಪೆ, ಮಣ್ಣಿನ ಮಡಕೆ, ಮಳೆಗಾಲಕ್ಕೆ ಮೊದಲು ಮನೆಮನೆಯವರು ತುಂಬಿಟ್ಟುಕೊಳ್ಳುವ ಸಾಮಾನೆಲ್ಲ ಅಲ್ಲಿ ರಾಶಿ ಬೀಳುತ್ತದೆ. ಪೋಂಡಾದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಮಂಗೇಶಿ, ಶಾಂತಾದುರ್ಗೆಯರ ದೇವಸ್ಥಾನಗಳ ದೆಸೆಯಿಂದ ನಮ್ಮ ಕರಾವಳಿಯವರಿಗೆ ಅದು ಗೊತ್ತಿದ್ದ ಹಾದಿ.

ಇದು ಗೋವಾ ಒಂದರ ಕತೆಯಲ್ಲ. ಅಗ್ಗವಾಗಿ, ಒಂಟಿಯಾಗಿ ತಿರುಗುವವರು ಬಹಳ ಇಷ್ಟಪಡುವ ಫಿಲಿಪ್ಪೀನ್ಸ್ ದೇಶವನ್ನು ನೋಡಿ. ಅಲ್ಲಿಗೆ ಬಂದವರೂ ಮನಿಲಾದಲ್ಲಿ ವಿಮಾನ ಇಳಿದು, ಅದೇ ಕಾಲಲ್ಲಿ ಪಲಾವನ್, ಬೊರಾಕೈ ದ್ವೀಪಗಳಿಗೆ ಓಡಲು ನೋಡುತ್ತಾರೆ. ದ್ವೀಪದಲ್ಲಿ ದೋಣಿ, ಜೀಪು, ಗೈಡು ಎಲ್ಲ ಗುಂಪಿನ ಲೆಕ್ಕ. ನಗರದಲ್ಲಾದರೆ ಜೀಪ್ನಿ ಇದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಉದ್ದಮಾಡಿ ಹುಟ್ಟಿದ ಈ ವಾಹನದಲ್ಲಿ ಹಿಂದೆ ಕೂತವರ ಚಿಲ್ಲರೆ ಕೈಯಿಂದ ಕೈಗೆ ದಾಟಿ ಚಾಲಕನನ್ನು ಮುಟ್ಟುತ್ತದೆ. ತಲೆಗೆ ಇಷ್ಟು, ಅಷ್ಟೇ. ಕರಿಂದೇರಿಯಾ ಎನ್ನುವ ಸಣ್ಣ ಊಟದ ಅಂಗಡಿಗಳಲ್ಲಿ ಪಾತ್ರೆಗಳ ಸಾಲಿನಲ್ಲಿ ಬೇಕಾದದ್ದನ್ನು ತೋರಿಸಿ ಒಬ್ಬರ ಊಟ ಹಾಕಿಸಿಕೊಳ್ಳಬಹುದು. ಮನಿಲಾದ ಕೋಟೆಯೊಳಗಿನ ಇಂಟ್ರಮೂರೊಸ್‌ನಲ್ಲಿ ನಿಂತಿರುವ ಸಾನ್ ಅಗುಸ್ತಿನ್ ಇಗರ್ಜಿ 1607ರದ್ದು, ಹಳೇ ಗೋವಾದ ಬೋಂ ಜೀಸಸ್ 1605ರದ್ದು. ಸ್ಪೇನಿನವರೂ ಪೋರ್ಚುಗೀಸರೂ ಏಷ್ಯಾದ ಎರಡು ಮೂಲೆಗಳಲ್ಲಿ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಕಟ್ಟಿದ ಈ ಎರಡು ಊರುಗಳ ಪಕ್ಕದಿಂದಲೇ ಪ್ರವಾಸಿಗಳ ಹಿಂಡು ಮರಳು ಹುಡುಕಿಕೊಂಡು ಹೋಗುತ್ತದೆ. ಜನರ ದಿನಬಳಕೆಗೆಂದು ಇರುವ ಸಾರಿಗೆ, ಊಟ, ವಸತಿಯ ಮೇಲೆ ನಿಂತದ್ದೇ ಬಾಳುವ ಅಗ್ಗ ಎಂಬುದಕ್ಕೆ ಅಲ್ಲಿಯೂ ಇಲ್ಲಿಯೂ ಸಾಕ್ಷಿ ಒಂದೇ.

ಆ ದಿನಬಳಕೆಯ ಜನ ಯಾರು ಎಂಬ ಪ್ರಶ್ನೆಗೆ ಗೋವಾದಲ್ಲಿ ಉತ್ತರ ಹುಡುಕಿದರೆ ನಾವು ನಮ್ಮವರ ಮುಂದೆಯೇ ಬಂದು ನಿಲ್ಲುತ್ತೇವೆ. 2011ರ ಜನಗಣತಿಯಲ್ಲಿ ಗೋವಾದ ನೂರು ಮಂದಿಯಲ್ಲಿ ನಾಲ್ಕೂವರೆಗಿಂತ ಹೆಚ್ಚು ಮಂದಿ ತಮ್ಮ ಮಾತೃಭಾಷೆ ಕನ್ನಡ ಎಂದು ಬರೆಸಿದ್ದಾರೆ. ಕೊಂಕಣಿ, ಮರಾಠಿ, ಹಿಂದಿ ಆದಮೇಲೆ ಕನ್ನಡವೇ. ವಾಸ್ಕೊದ ಬಂದರು, ಜುವಾರಿನಗರದ ಕಾರ್ಖಾನೆಗಳ ಸುತ್ತಲಿನ ಬಡಾವಣೆಗಳು, ಮಡಗಾಂವ್‌ನ ಮಾರುಕಟ್ಟೆ, ಕಟ್ಟಡ ಕೆಲಸದ ಜಾಗಗಳು, ಎಲ್ಲಿ ಕಿವಿಗೊಟ್ಟರೂ ಬಾಗಲಕೋಟೆ, ಗದಗ, ಕೊಪ್ಪಳ, ವಿಜಯಪುರದ ಕನ್ನಡ ಕೇಳಿಸುತ್ತದೆ. ವಾಸ್ಕೊದ ಬೈನಾ ದಂಡೆಯ ಮೇಲೆ ನೆಲೆಸಿದ್ದವರ ವಸತಿಗಳನ್ನು ಸರ್ಕಾರ 2004ರಲ್ಲಿ ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಕನ್ನಡಿಗರು ಬಹಳ. ಘಟ್ಟದ ಮೇಲಿನವರು ಎಂಬ ತಾತ್ಸಾರವನ್ನು ಅವರು ಇಂದಿಗೂ ಕೇಳುತ್ತಾರೆ. ವಾಸ್ಕೊದ ಸಣ್ಣ ಖಾನಾವಳಿಯ ತಾಟು ಒಂಟಿ ಪ್ರವಾಸಿಗೆ ಅಗ್ಗವಾಗಿ ಸಿಗುವುದು ಈ ದುಡಿಯುವವರು ದಿನಾ ಅಲ್ಲಿ ಉಣ್ಣುವುದರಿಂದ, ಅವರ ಕೂಲಿಗೆ ಹೊಂದುವ ಬೆಲೆಯಲ್ಲಿ ಅಡುಗೆ ಮಾಡಲೇಬೇಕಾದ್ದರಿಂದ. ಹಾಗಾಗಿ ಅಗ್ಗದ ಪ್ರವಾಸ ಮಾಡುವವರು ಈ ಋಣವನ್ನು ತಿಳಿದುಕೊಂಡು ತಿರುಗಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ. ಬುಟ್ಟಿ ಮುಂದಿಟ್ಟುಕೊಂಡು ಕೂತ ಹೆಂಗಸಿನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡಿ ಉಳಿಸಿದ್ದನ್ನು ಜಾಣತನ ಎನ್ನಲು ನಾನು ಸಿದ್ಧನಿಲ್ಲ.

ಇಲ್ಲಿಗೆ ಗೋವಾ ಸರ್ಕಾರದ ಆಕ್ಷೇಪಕ್ಕೆ ಬರಬೇಕು. ಅಲ್ಲಿನ ಮಂತ್ರಿಗಳು, ಉದ್ಯಮದ ಮುಖಂಡರು ವರ್ಷಗಳಿಂದ ಒಂದು ಮಾತು ಹೇಳುತ್ತ ಬಂದಿದ್ದಾರೆ: ನಮಗೆ ಸಂಖ್ಯೆ ಬೇಡ, ಗುಣಮಟ್ಟದ ಪ್ರವಾಸಿ ಬೇಕು. ಈ ಮಾತನ್ನು ಬರೀ ಶ್ರೀಮಂತರ ಪಕ್ಷಪಾತ ಎಂದು ತಳ್ಳಿಹಾಕುವುದು ಸರಿಯಲ್ಲ. ಸರ್ಕಾರದ ಅಂಕಿಗಳ ಪ್ರಕಾರ 2024ರಲ್ಲಿ ಒಂದು ಕೋಟಿಗೂ ಹೆಚ್ಚು ಪ್ರವಾಸಿಗರು ಗೋವಾಕ್ಕೆ ಬಂದರು. ಅಲ್ಲಿನ ಜನಸಂಖ್ಯೆ 2011ರಲ್ಲಿ ಹದಿನಾಲ್ಕೂವರೆ ಲಕ್ಷವಿತ್ತು. ಕಸ, ನೀರು, ರಸ್ತೆ ಯಾವುದೂ ಈ ಭಾರಕ್ಕೆ ತಡೆಯುವಂತಿಲ್ಲ. ಬಸ್ಸು ಬಾಡಿಗೆಗೆ ಹಿಡಿದು, ಗ್ಯಾಸ್ ಸಿಲಿಂಡರ್ ಜೊತೆಗೇ ತಂದು, ರಸ್ತೆ ಬದಿಯಲ್ಲಿ ಅಡುಗೆ ಮಾಡಿ, ಎಲೆ, ಬಾಟಲಿ ಅಲ್ಲೇ ಬಿಟ್ಟುಹೋಗುವ ತಂಡಗಳಿಂದ ಅಲ್ಲಿನವರು ಬೇಸತ್ತಿದ್ದಾರೆ. 2019ರಲ್ಲಿ ಪ್ರವಾಸಿ ತಾಣಗಳ ಕಾನೂನಿಗೆ ತಿದ್ದುಪಡಿ ತಂದು ಬಯಲಲ್ಲಿ ಕುಡಿಯುವುದಕ್ಕೆ, ಅಡುಗೆ ಮಾಡುವುದಕ್ಕೆ ದಂಡ ಹಾಕಿದ್ದು ಇದಕ್ಕೇ. ಆ ತಂಡಗಳಲ್ಲಿ ನಮ್ಮ ರಾಜ್ಯದವರೂ ಕಡಿಮೆಯಿಲ್ಲ ಎಂದು ಒಪ್ಪಲೇಬೇಕು. ದೂಧಸಾಗರ ಜಲಪಾತಕ್ಕೆ ರೈಲು ಹಳಿಯ ಮೇಲೆ ನಡೆದು ಹೋಗುವುದು ನಿಷಿದ್ಧ. ಆದರೂ 2023ರ ಜುಲೈನಲ್ಲಿ ನೂರಾರು ಹುಡುಗರು ಹಳಿ ಹಿಡಿದು ಹೊರಟು, ರೈಲ್ವೆ ಪೊಲೀಸರು ಅವರಿಗೆ ಬಸ್ಕಿ ಹೊಡೆಸಿದ್ದನ್ನು ದೇಶವೆಲ್ಲ ನೋಡಿತು.

ನನ್ನ ವಾದ ನಿಂತಿರುವುದು ಇಲ್ಲಿಯೇ. ಅಗ್ಗದಲ್ಲಿ ಎರಡು ಬಗೆ. ಒಂದು ತಪ್ಪಿಸಿಕೊಳ್ಳುವ ಅಗ್ಗ: ಲಾಡ್ಜು ತಪ್ಪಿಸಿ ಬಸ್ಸಿನಲ್ಲೇ ಮಲಗುವುದು, ಹೋಟೆಲು ತಪ್ಪಿಸಿ ರಸ್ತೆಯಲ್ಲಿ ಬೇಯಿಸುವುದು, ಟಿಕೆಟ್ಟು ತಪ್ಪಿಸಿ ಹಳಿಯ ಮೇಲೆ ನಡೆಯುವುದು. ಈ ಅಗ್ಗದ ಬೆಲೆಯನ್ನು ಊರಿನವರು ತೆರುತ್ತಾರೆ. ಇನ್ನೊಂದು ಪಾಲುಗೊಳ್ಳುವ ಅಗ್ಗ: ಊರಿನವರು ಹತ್ತುವ ಬಸ್ಸನ್ನೇ ಹತ್ತಿ ಅವರಷ್ಟೇ ಟಿಕೆಟ್ಟು ಕೊಡುವುದು, ಅವರು ಉಣ್ಣುವಲ್ಲೇ ಉಣ್ಣುವುದು. ಈ ಎರಡನೆಯ ಪ್ರವಾಸಿಯ ಹಣ ಚಿಕ್ಕದು, ಆದರೆ ಪಾವ್ ಬೇಯಿಸುವ ಪೊದೇರನಿಗೆ, ಮೀನು ಮಾರುವವಳಿಗೆ, ಖಾನಾವಳಿಯವರಿಗೆ, ಕದಂಬ ನಿಗಮಕ್ಕೆ ನೇರವಾಗಿ ತಲುಪುತ್ತದೆ. ಕಾಲೇಜು ರಜೆಯಲ್ಲಿ ಖಾಲಿ ಓಡುವ ಬಸ್ಸಿನಲ್ಲಿ ಒಂದು ಸೀಟು ತುಂಬಿದರೆ ಆ ಬಸ್ಸು ಊರಿನವರಿಗೂ ಉಳಿಯುತ್ತದೆ. ಪ್ರವಾಸಿಯ ಗುಣಮಟ್ಟವನ್ನು ಅವರು ಸುರಿದ ಹಣದಿಂದ ಅಳೆಯುವವರು, ಅವರು ಬಳಸಿದ ನೀರನ್ನು, ಬಿಟ್ಟುಹೋದ ಕಸವನ್ನು, ರಸ್ತೆಯಲ್ಲಿ ಹಿಡಿದ ಜಾಗವನ್ನು ಲೆಕ್ಕದಿಂದ ಬಿಟ್ಟಿರುತ್ತಾರೆ. ಅವನ್ನೂ ಸೇರಿಸಿ ಅಳೆದರೆ ಕೆರೆಯಷ್ಟು ಈಜುಕೊಳವಿರುವ ರೆಸಾರ್ಟಿನ ಅತಿಥಿಗಿಂತ ಲಾಡ್ಜಿನ ಬಕೆಟ್ ನೀರಿನಲ್ಲಿ ಸ್ನಾನ ಮಾಡುವವರು ಮೇಲು.

ಇನ್ನೊಂದು ಆಕ್ಷೇಪ, ಇದು ಲೆಕ್ಕ ಬಲ್ಲವರದು. ಹಾಸಿಗೆಯ ದರ ಮಾತ್ರ ನೋಡಿದರೆ ಅಂಜುಣಾ, ಪಾಲೊಳೆಯ ಹಾಸ್ಟೆಲುಗಳು ಎಷ್ಟೋ ಸಲ ಪಣಜಿಗಿಂತ ಅಗ್ಗ, ಅದರಲ್ಲೂ ಮಳೆಗಾಲದಲ್ಲಿ. ಇದು ನಿಜ. ಆದರೆ ಹಾಸಿಗೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಲೆಕ್ಕ ತಿರುಗಿಬೀಳುತ್ತದೆ. ಓಲಾ, ಉಬರ್‌ಗಳಿಗೆ ಅಲ್ಲಿನ ಟ್ಯಾಕ್ಸಿಯವರು ಆಸ್ಪದ ಕೊಟ್ಟಿಲ್ಲ, 2018ರಲ್ಲಿ ಬಂದ ಗೋವಾಮೈಲ್ಸ್ ಆ್ಯಪ್‌ಗೂ ಜಗಳ ತಪ್ಪಲಿಲ್ಲ. ಕಡಲತೀರದ ಹಳ್ಳಿಗೆ ಸಂಜೆಯ ನಂತರ ಬಸ್ಸು ಅಪರೂಪ. ಹಾಗಾಗಿ ಸ್ಕೂಟರು ಬಾಡಿಗೆಗೆ ಹಿಡಿಯುವುದೇ ದಾರಿ ಎನ್ನುತ್ತಾರೆ. ಬಾಡಿಗೆ ಸ್ಕೂಟರಿಗೆ ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರದ ನಂಬರ್ ಪ್ಲೇಟು ಇರಬೇಕು. ಅಗ್ಗವೆಂದು ಬಿಳಿ ಪ್ಲೇಟಿನ ಖಾಸಗಿ ಗಾಡಿ ಹಿಡಿದರೆ ಅದು ಅಕ್ರಮ, ಅಪಘಾತವಾದರೆ ವಿಮೆಯೂ ಕೈಕೊಡುತ್ತದೆ. ಈ ಚಿಕ್ಕ ರಾಜ್ಯದ ರಸ್ತೆಗಳಲ್ಲಿ ಈಚಿನ ವರ್ಷಗಳಲ್ಲಿ ಪ್ರತಿ ವರ್ಷ ಇನ್ನೂರಕ್ಕಿಂತ ಹೆಚ್ಚು ಜನ ಸಾಯುತ್ತಿದ್ದಾರೆ, ಅವರಲ್ಲಿ ಬಹುಪಾಲು ದ್ವಿಚಕ್ರ ವಾಹನದವರು. ಗುರುತಿಲ್ಲದ ತಿರುವುಗಳಲ್ಲಿ ಒಬ್ಬರೇ ಗಾಡಿ ಓಡಿಸುವವರಿಗೆ ಬಿದ್ದಾಗ ಎತ್ತಲು ಜೊತೆಯವರೂ ಇರುವುದಿಲ್ಲ. ಪಟ್ಟಣದಲ್ಲಿ ತೀರಾ ಅವಸರವಾದರೆ ಪೈಲಟ್ ಇದ್ದಾನೆ. ಹಳದಿ ಮಡ್‌ಗಾರ್ಡಿನ ಮೋಟರ್‌ಸೈಕಲ್ ಟ್ಯಾಕ್ಸಿಯವನನ್ನು ಗೋವಾದಲ್ಲಿ ಹಾಗೇ ಕರೆಯುತ್ತಾರೆ. ದರ ಮೊದಲೇ ಕೇಳಿಕೊಂಡು ಹಿಂದೆ ಕೂತರಾಯಿತು. ಒಬ್ಬರೇ ಪ್ರಯಾಣಿಕ, ಒಬ್ಬರದೇ ದರ. ಸಮುದ್ರ ಬೇಕೆಂದವರಿಗೂ ಪಟ್ಟಣ ಅಡ್ಡಬರುವುದಿಲ್ಲ. ಮಡಗಾಂವ್‌ನಿಂದ ಕೋಲ್ವಾಕ್ಕೆ, ಮಾಪುಸಾದಿಂದ ಕಲಂಗುಟ್‌ಗೆ ಹಗಲೆಲ್ಲ ಬಸ್ಸಿದೆ, ಪಣಜಿಯ ಮಿರಾಮಾರ್ ನಡೆದು ಹೋಗುವಷ್ಟು ದೂರ. ನೀರಲ್ಲಿ ಕಾಲಾಡಿಸಿ ಕತ್ತಲಾಗುವುದರೊಳಗೆ ಪಟ್ಟಣಕ್ಕೆ ಮರಳಬಹುದು.

ಹೆಣ್ಣುಮಕ್ಕಳು ಒಬ್ಬರೇ ಹೋಗುವ ವಿಷಯದಲ್ಲಿ ಅಪ್ಪ ಅಮ್ಮಂದಿರಿಗಿರುವ ಅಂಜಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. 2008ರಲ್ಲಿ ಅಂಜುಣಾದಲ್ಲಿ, 2017ರಲ್ಲಿ ಕಾಣಕೋಣದ ಕಡಲ ಬದಿಯಲ್ಲಿ ವಿದೇಶದ ಹೆಣ್ಣುಮಕ್ಕಳು ಜೀವ ಕಳೆದುಕೊಂಡದ್ದನ್ನು ಯಾರೂ ಮರೆಯಬಾರದು. ಪಟ್ಟಣಕ್ಕೆ ಹೋದರೆ ಅಪಾಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಆದರೆ ಅಪಾಯ ಎಲ್ಲಿಂದ ಬರುತ್ತದೆ ಎಂದು ಬಿಡಿಸಿ ನೋಡೋಣ. ರಾತ್ರಿ, ದೀಪವಿಲ್ಲದ ದಾರಿ, ಗುರುತಿಲ್ಲದವರ ವಾಹನವನ್ನು ಅವಲಂಬಿಸಬೇಕಾದ ಸ್ಥಿತಿ, ಕುಡಿದ ಗುಂಪು, ಇವು ನಾಲ್ಕೂ ಸೇರುವ ಸ್ಥಳ ಕಡಲತೀರದ ರಾತ್ರಿ. ಪಟ್ಟಣದ ಷಟಲ್ ಬಸ್ಸಿನಲ್ಲಿ ಬೆಳಿಗ್ಗೆ, ಸಂಜೆ ಕೂತವರಲ್ಲಿ ನರ್ಸುಗಳು, ಗುಮಾಸ್ತೆಯರು, ಕಾಲೇಜಿನ ಹುಡುಗಿಯರು, ಮೀನಿನ ಬುಟ್ಟಿಯ ಹೆಂಗಸರು ತುಂಬಿರುತ್ತಾರೆ, ಬಹಳಷ್ಟು ಮಂದಿ ಒಬ್ಬೊಬ್ಬರೇ. ಅವರ ನಡುವೆ ಇನ್ನೊಬ್ಬ ಹೆಣ್ಣುಮಗಳು ಕಣ್ಣಿಗೆ ಬೀಳುವುದಿಲ್ಲ, ಆ ಕಣ್ಣಿಗೆ ಬೀಳದಿರುವಿಕೆಯೇ ಒಂದು ರಕ್ಷಣೆ. ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರ, ಜನವಸತಿಯ ಬೀದಿಯಲ್ಲಿ ಉಳಿದುಕೊಳ್ಳುವುದು, ಕೊನೆಯ ಬಸ್ಸಿನ ಹೊತ್ತನ್ನು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳುವುದು, ಊರಿಗೆ ಹಗಲು ಹೊತ್ತಿನಲ್ಲೇ ತಲುಪುವ ರೈಲು ಆರಿಸುವುದು, ಈ ಮೂರರಲ್ಲಿ ಎಚ್ಚರವಿದ್ದರೆ ಮಗಳನ್ನು ಕಳಿಸದೆ ಇರುವುದಕ್ಕೆ ಗೋವಾ ಎಂಬ ಹೆಸರೊಂದೇ ಕಾರಣವಾಗಬಾರದು.

ಪಟ್ಟಣಕ್ಕೆ ಪ್ರವಾಸಿ ಬಂದರೆ ಪಟ್ಟಣವೂ ಕೆಡುವುದಿಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ನನಗೆ ಅತ್ಯಂತ ಗಟ್ಟಿ ಎನಿಸುವ ಆಕ್ಷೇಪ ಇದೇ. ಪಣಜಿಯ ಫೊಂಟೇನ್ಯಾಸ್ ಬೀದಿಗಳಲ್ಲಿ ಹಳದಿ, ನೀಲಿ, ಇಟ್ಟಿಗೆಗೆಂಪು ಬಣ್ಣದ ಹಳೆಯ ಮನೆಗಳಿವೆ. ಮದುವೆಗೆ ಮುಂಚಿನ ಫೋಟೊ ತೆಗೆಸಲು ಬರುವವರು, ಮೆಟ್ಟಿಲ ಮೇಲೆ, ಬಾಗಿಲ ಮುಂದೆ ನಿಂತು ಬಿಡದವರು ಹೆಚ್ಚಿ, ಅಲ್ಲಿ ವಾಸಿಸುವವರು ಫೋಟೊ ತೆಗೆಯಬೇಡಿ ಎಂದು ಬೋರ್ಡು ಹಾಕಿಕೊಳ್ಳಬೇಕಾಯಿತು. ಆ ಮನೆಗಳಲ್ಲಿ ವಯಸ್ಸಾದವರಿದ್ದಾರೆ, ಮಧ್ಯಾಹ್ನ ಮಲಗುವ ಪದ್ಧತಿಯಿದೆ, ಅಂಗಡಿಗಳೇ ಒಂದರಿಂದ ಮೂರು ಗಂಟೆಯವರೆಗೆ ಬಾಗಿಲು ಹಾಕುವ ಊರು ಅದು. ಹಾಸ್ಟೆಲುಗಳು ಹೆಚ್ಚಾದರೆ ಮನೆ ಬಾಡಿಗೆ ಏರಿ ಅಲ್ಲಿನವರೇ ಊರು ಬಿಡಬೇಕಾದೀತು ಎಂಬ ಭಯಕ್ಕೂ ಆಧಾರವಿದೆ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಇಷ್ಟು ಹೇಳಬಲ್ಲೆ: ಎಲ್ಲರೂ ಒಂದೇ ಬೀದಿಗೆ ಹೋಗುವುದರಿಂದ ಆ ಬೀದಿ ನಲುಗುತ್ತದೆ. ಮಡಗಾಂವ್, ವಾಸ್ಕೊ, ಪೋಂಡಾ, ಚಾಂದರ್‌ಗೆ ಜನ ಹಂಚಿಹೋದರೆ ಫೊಂಟೇನ್ಯಾಸ್ ಉಸಿರಾಡುತ್ತದೆ. ಶ್ರಾವಣದಲ್ಲಿ ವಾಸ್ಕೊದ ದಾಮೋದರ ಸಪ್ತಾಹಕ್ಕೆ ಹೋಗಿ ಇಪ್ಪತ್ತನಾಲ್ಕು ಗಂಟೆ ನಿಲ್ಲದೆ ನಡೆಯುವ ಭಜನೆಯನ್ನು ಕೇಳುತ್ತ ಕೂತವರಿಂದ ಯಾರ ಮನೆಯ ಮಧ್ಯಾಹ್ನದ ನಿದ್ದೆಯೂ ಕೆಡುವುದಿಲ್ಲ.

ಇದೆಲ್ಲ ಸುಲಭವಾಗಲು ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲ. ಮಡಗಾಂವ್‌ನಲ್ಲಿ ರೈಲು ನಿಲ್ದಾಣ ಊರಿನ ಒಂದು ತುದಿಗೆ, ಕದಂಬ ಬಸ್ ನಿಲ್ದಾಣ ಇನ್ನೊಂದು ತುದಿಗೆ. ರಾತ್ರಿ ರೈಲಿನಿಂದ ಇಳಿದವರು ನಡುವಿನ ಆ ಮೂರು ನಾಲ್ಕು ಕಿಲೋಮೀಟರಿಗೆ, ಮಡಗಾಂವ್‌ನಿಂದ ಪಣಜಿಗೆ ಬಸ್ಸಿಗೆ ಕೊಡುವುದಕ್ಕಿಂತ ಹೆಚ್ಚು ಹಣ ಕೊಡಬೇಕಾಗುತ್ತದೆ. ರೈಲುಗಳ ಹೊತ್ತಿಗೆ ಹೊಂದಿಸಿ ಅಲ್ಲೊಂದು ಕದಂಬ ಬಸ್ಸು ಓಡಲಿ. ಪಟ್ಟಣಗಳ ನಡುವಿನ ಷಟಲ್ ಸಂಜೆಗೇ ನಿಲ್ಲದೆ ರಾತ್ರಿ ಹತ್ತೂವರೆಯವರೆಗೆ ಇರಲಿ, ಅದು ಪ್ರವಾಸಿಗಿಂತ ಮೊದಲು ಹೋಟೆಲು, ಆಸ್ಪತ್ರೆಗಳಲ್ಲಿ ತಡವಾಗಿ ಕೆಲಸ ಮುಗಿಸುವ ಅಲ್ಲಿನವರಿಗೇ ಬೇಕು. ಫೆರಿ ಕಟ್ಟೆಗಳಲ್ಲಿ ಬೋಟಿನ ವೇಳಾಪಟ್ಟಿ ದೊಡ್ಡದಾಗಿ ಬರೆದಿರಲಿ. ನಮ್ಮ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಹುಬ್ಬಳ್ಳಿ, ಬೆಳಗಾವಿ, ಕಾರವಾರದ ಬಸ್ ನಿಲ್ದಾಣಗಳಲ್ಲಿ ಗೋವಾದೊಳಗಿನ ಷಟಲ್, ಫೆರಿ, ಪ್ಯಾಸೆಂಜರ್ ರೈಲುಗಳ ಮಾಹಿತಿ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಸಿಗುವಂತಾಗಬೇಕು. ವಾಯವ್ಯ ಸಾರಿಗೆ ಸಂಸ್ಥೆಯ ಬಸ್ಸುಗಳು ದಿನಾ ಪಣಜಿ, ಮಡಗಾಂವ್ ಮುಟ್ಟಿ ಬರುತ್ತವೆ. ಆ ಹಾಳೆಯನ್ನು ಅಲ್ಲಿಂದ ತರಲು, ತಿಂಗಳಿಗೊಮ್ಮೆ ತಿದ್ದಲು ಅದೇ ಬಸ್ಸಿನ ಕಂಡಕ್ಟರು ಸಾಕು.